ಇಟ್ಟವರು ಒಬ್ಬರು, ಕಾವು ಕೊಟ್ಟವರು ಇನ್ನೊಬ್ಬರು

ಮೊಟ್ಟೆ ಇಟ್ಟ ಕೋಳಿಯೇ ಕಾವಿಗೆ ಕೂರಬೇಕು ಅನ್ನುವ ಕಟ್ಟುಪಾಡು ನಮ್ಮ ಹಳ್ಳಿಗಳಲ್ಲಿ ಇರಲಿಲ್ಲ. ಒಬ್ಬರ ಮನೆಯ ಹ್ಯಾಟೆ ಚೆನ್ನಾಗಿ ಮೊಟ್ಟೆ ಇಡುತ್ತದೆ, ಇನ್ನೊಬ್ಬರದು ಕಾವಿಗೆ ಕೂತರೆ ಓಡಿಸಿದರೂ ಏಳುವುದಿಲ್ಲ. ಈ ಮನೆಯ ಮೊಟ್ಟೆ ಸೆರಗಿನಲ್ಲಿ ಆ ಮನೆಗೆ ಹೋಗುತ್ತಿತ್ತು. ಮರಿಯಾದ ಮೇಲೆ ಅರ್ಧ ಅವರಿಗೆ, ಅರ್ಧ ಇವರಿಗೆ. ವಾರಕ್ಕೆ ಕೊಡುವುದು ಅಂತ ಇದರ ಹೆಸರು; ದನ, ಕುರಿಗೂ ಇದೇ ಲೆಕ್ಕ. ತವರಿಗೆ ಬಂದ ಮಗಳು ಹೊರಡುವಾಗ ಹೊಟ್ಟಿನ ನಡುವೆ ಹತ್ತು ಮೊಟ್ಟೆ ಇಟ್ಟುಕೊಂಡು ಬಸ್ಸು ಹತ್ತುವುದನ್ನು ನೀವೂ ನೋಡಿರಬಹುದು.

ಟಪಾಲಿನಲ್ಲಿ ಬಂದ ಮೊಟ್ಟೆಯನ್ನು ಮರಿ ಮಾಡುವುದೂ ಇದೇ ವ್ಯವಹಾರ. ನಡುವಿನ ದಾರಿ ಉದ್ದ, ಅಷ್ಟೇ. ತುರುವೇಕೆರೆ ಕಡೆಯ ಹಳ್ಳಿಯಿಂದ ಹೈದರಾಬಾದಿಗೆ ಬಂದು ನೆಲೆಸಿದ ನನಗೆ ಇದರ ಚರಿತ್ರೆ ಕೆದಕಬೇಕು ಅನ್ನಿಸಿದ್ದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಪರರ ಮೊಟ್ಟೆಗೆ ಕಾವು ಕೊಡುವುದನ್ನೇ ಕಸುಬು ಮಾಡಿಕೊಂಡವರು ಈಜಿಪ್ಟಿನವರು. ಅಲ್ಲಿ ಸಗಣಿಯ ಬಿಸಿಯಲ್ಲಿ ಮೊಟ್ಟೆ ಮರಿ ಮಾಡುತ್ತಾರೆಂದು ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಅರಿಸ್ಟಾಟಲ್ ಬರೆದಿದ್ದಾನೆ. ಆಮೇಲಿನ ಕಾಲದಲ್ಲಿ ಇದಕ್ಕೆಂದೇ ಹಸಿ ಇಟ್ಟಿಗೆಯ ದೊಡ್ಡ ಒಲೆಮನೆಗಳು ಎದ್ದವು. ಕೆಳಗಿನ ಕೋಣೆಯಲ್ಲಿ ಸಾವಿರಾರು ಮೊಟ್ಟೆ, ಮೇಲಿನ ಕೋಣೆಯಲ್ಲಿ ಸಗಣಿ ಮತ್ತು ಹುಲ್ಲಿನ ಹದವಾದ ಬೆಂಕಿ. ಥರ್ಮಾಮೀಟರ್ ಇಲ್ಲ, ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಬಿಸಿ ಅಳೆಯುತ್ತಿದ್ದರು.

ಈ ವಿದ್ಯೆಯಲ್ಲಿ ಹೆಸರು ಮಾಡಿದ್ದು ನೈಲ್ ನದಿಯ ಮುಖಜ ಭೂಮಿಯ ಬೆರ್ಮಾ ಎಂಬ ಊರಿನವರು. ಗುಟ್ಟು ತಂದೆಯಿಂದ ಮಗನಿಗೆ, ಹೊರಗಿನವರಿಗಿಲ್ಲ. ಹಂಗಾಮು ಬಂತೆಂದರೆ ಊರು ಬಿಟ್ಟು ದೇಶದ ಮೂಲೆ ಮೂಲೆಗೆ ಹೊರಡುತ್ತಿದ್ದರು. ತಿಂಗಳುಗಟ್ಟಲೆ ಪರಸ್ಥಳದಲ್ಲಿದ್ದು ಬೇರೆಯವರ ಮೊಟ್ಟೆ ಕಾಯುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ರೆಯೋಮೂರ್ 1749ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇವರ ಕರಾರಿನ ವಿವರವೂ ಇದೆ. ಕೊಟ್ಟ ಮೂರು ಮೊಟ್ಟೆಗೆ ಎರಡು ಮರಿ ವಾಪಸು ಕೊಡಬೇಕು. ಅದಕ್ಕಿಂತ ಹೆಚ್ಚು ಮರಿಯಾದರೆ ಕಾವು ಕೊಟ್ಟವನ ಪಾಲು. ಮೂರರಲ್ಲಿ ಒಂದು ಹಾಳಾಗುವುದು ಸಹಜ ಅಂತ ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದ ಲೆಕ್ಕ ಅದು. ಅಂಥ ಒಲೆಮನೆಗಳು ಈ ಶತಮಾನದಲ್ಲೂ ಕೆಲಸ ಮಾಡುತ್ತಿದ್ದುದು ದಾಖಲಾಗಿದೆ. ಕೆಲವು ಕಡೆ ಸಗಣಿ ಬೆಂಕಿಯ ಜಾಗಕ್ಕೆ ಸೀಮೆಎಣ್ಣೆ ದೀಪ ಬಂದಿದೆ. ರೆಯೋಮೂರ್ ತಾನೂ ಫ್ರಾನ್ಸಿನಲ್ಲಿ ತಿಪ್ಪೆಯೊಳಗೆ ಪೀಪಾಯಿ ಹೂತು, ಥರ್ಮಾಮೀಟರ್ ಹಿಡಿದು ಪ್ರಯೋಗ ಮಾಡಿದ.

ಅಷ್ಟು ದೂರ ಹೊತ್ತು ತಂದರೂ ಮೊಟ್ಟೆಯೊಳಗಿನ ಜೀವ ಉಳಿಯುವುದು ಹೇಗೆ? ಇದಕ್ಕೆ ಕೋಳಿಯ ಜಾಣತನವೇ ಉತ್ತರ. ನಾಟಿ ಕೋಳಿ ಹತ್ತು ಹನ್ನೆರಡು ಮೊಟ್ಟೆಯನ್ನು ಎರಡು ವಾರದಲ್ಲಿ ಒಂದೊಂದಾಗಿ ಇಡುತ್ತದೆ. ಮರಿಗಳು ಮಾತ್ರ ಹೆಚ್ಚುಕಮ್ಮಿ ಒಂದೇ ದಿನ ಹೊರಗೆ ಬರುತ್ತವೆ. ಏಕೆಂದರೆ ಮೊಟ್ಟೆ ತಣ್ಣಗಾದ ಕೂಡಲೇ ಒಳಗಿನ ಬೆಳವಣಿಗೆ ನಿಂತುಬಿಡುತ್ತದೆ. ಕೋಳಿ ಕೂತು ಬಿಸಿ ತಾಗಿದಾಗ ಮತ್ತೆ ಶುರು. 15ರಿಂದ 18 ಡಿಗ್ರಿ ತಂಪಿನಲ್ಲಿಟ್ಟರೆ ಒಂದು ವಾರ ಯೋಚನೆಯಿಲ್ಲ, ಆಮೇಲೆ ದಿನದಿನಕ್ಕೂ ಕಸುವು ಇಳಿಯುತ್ತದೆ. ಟಪಾಲಿನವರಿಗೆ ಸಿಕ್ಕ ಅವಕಾಶ ಈ ಒಂದು ವಾರದ ನಿದ್ದೆ.

ಅಮೆರಿಕದವರು ಈ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡರು. 1879ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಪೆಟಲೂಮಾ ಊರಿನಲ್ಲಿ ಲೈಮನ್ ಬೈಸ್ ಎಂಬವನು ಒಳ್ಳೆಯ ಕಾವು ಪೆಟ್ಟಿಗೆ ತಯಾರಿಸಿದ. 1913ರ ಜನವರಿ 1ರಂದು ಅಲ್ಲಿ ಪಾರ್ಸೆಲ್ ಅಂಚೆ ಆರಂಭವಾದ ಮೇಲೆ ಹಳ್ಳಿಯ ಮೊಟ್ಟೆ ನೇರ ಪಟ್ಟಣದ ಮನೆಗೆ ಬರತೊಡಗಿತು. 1918ರಿಂದ ಒಂದು ದಿನದ ಮರಿಗಳನ್ನೇ ಅಂಚೆಯಲ್ಲಿ ಕಳಿಸಲು ಅನುಮತಿ ಸಿಕ್ಕಿತು. ಮರಿ ಹೊರಬರುವ ಮೊದಲು ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಎರಡು ಮೂರು ದಿನ ಕಾಳು ನೀರಿಲ್ಲದೆ ತಡೆಯಬಲ್ಲದು. ತಾಯಿ ಕೋಳಿ ಕೊನೆಯ ಮರಿ ಬರುವ ತನಕ ಗೂಡು ಬಿಡುವುದಿಲ್ಲವಲ್ಲ, ಆ ಹೊತ್ತಿಗೆಂದು ಇರುವ ಬುತ್ತಿ ಅದು. ಅದನ್ನೇ ದಾರಿ ಬುತ್ತಿ ಮಾಡಿದರು.

ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ, ಅಂದರೆ ವ್ಯಾಪಾರಕ್ಕೆ ನಷ್ಟ. ಹಾಗಾಗಿ ಕೂರುವ ಗುಣವನ್ನೇ ಆರಿಸಿ ತೆಗೆದರು. ಬಿಳಿ ಲೆಗ್‌ಹಾರ್ನ್ ವಂಶದ ಇಂದಿನ ಕೋಳಿ ವರ್ಷಕ್ಕೆ 300ಕ್ಕೂ ಮೀರಿ ಮೊಟ್ಟೆ ಇಡುತ್ತದೆ, ಕಾವಿಗೆ ಕೂರುವುದನ್ನು ಮರೆತೇ ಬಿಟ್ಟಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ 1989ರ ವೇಳೆಗೆ ರೂಪುಗೊಂಡ ಗಿರಿರಾಜ, ಹೈದರಾಬಾದಿನ ರಾಜೇಂದ್ರನಗರದ ಕೇಂದ್ರ ಸಂಸ್ಥೆಯ ವನರಾಜ, ಇವು ಹಿತ್ತಲಿಗೆಂದೇ ಮಾಡಿದ ತಳಿಗಳು, ಬಡವರ ಮನೆಗೆ ಮೊಟ್ಟೆ ಮಾಂಸ ಎರಡನ್ನೂ ಹೆಚ್ಚಿಸಿವೆ. ಆದರೆ ಅವಕ್ಕೂ ಕೂರುವ ಬುದ್ಧಿ ಕಡಿಮೆ. ಮರಿ ಬೇಕಾದರೆ ಮತ್ತೆ ಕೇಂದ್ರಕ್ಕೇ ಹೋಗಬೇಕು, ಇಲ್ಲವೇ ನಾಟಿ ಹ್ಯಾಟೆಯ ಕಾಲು ಹಿಡಿಯಬೇಕು. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಡುವ ನಾಟಿ ಕೋಳಿಗೆ ಬೆಲೆ ಬರುವುದು ಆವಾಗ.

ಎಲ್ಲವೂ ಒಂದೇ ಕಡೆ ಸೇರಿದರೆ ಅಪಾಯವೂ ಅಲ್ಲೇ ಸೇರುತ್ತದೆ. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿ ಜ್ವರ ಕಂಡಾಗ ಸುತ್ತಲಿನ ಕೋಳಿಗಳನ್ನೆಲ್ಲ ಕೊಂದು ಹೂಳಬೇಕಾಯಿತು. 2012ರ ಅಕ್ಟೋಬರಿನಲ್ಲಿ ಅದೇ ರೋಗ ನಮ್ಮ ಹೆಸರಘಟ್ಟದ ಕೇಂದ್ರ ಸರ್ಕಾರಿ ಫಾರಮ್ಮಿಗೇ ಬಂತು. ತಳಿ ಕಾಪಾಡಬೇಕಾದ ಜಾಗದಲ್ಲೇ ಸಾವಿರಾರು ಹಕ್ಕಿಗಳು ಹೋದವು. ಬೇರೆ ಊರಿಗೆ ಹೋಗಿ ಮರಿಯಾದ ಮೊಟ್ಟೆ ಎಷ್ಟು ಮುಖ್ಯ ಅನ್ನುವುದು ಗೊತ್ತಾಗುವುದು ಇಂಥ ಹೊತ್ತಿನಲ್ಲಿ.

ಈಗ ನನ್ನ ಮೊಟ್ಟೆಗಳ ವಿಷಯ. ಕೆಲವು ವರ್ಷಗಳ ಹಿಂದೆ ನಮ್ಮಕ್ಕ ಊರಿನಿಂದ 24 ನಾಟಿ ಮೊಟ್ಟೆ ಕಳಿಸಿದಳು. ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ಬಿಸ್ಕೆಟ್ ಡಬ್ಬಿಯಲ್ಲಿ ಭತ್ತದ ಹೊಟ್ಟು ತುಂಬಿ, ಚೂಪು ತುದಿ ಕೆಳಗೆ ಬರುವ ಹಾಗೆ ಇಟ್ಟಿದ್ದಳು. ಪಾರ್ಸೆಲ್ ಮೂರನೇ ದಿನ ಬಂತು. ಎರಡು ಬಿರುಕು ಬಿಟ್ಟಿದ್ದವು. ದೂರದಿಂದ ಬಂದ ಮೊಟ್ಟೆಯನ್ನು ಬಂದ ಕೂಡಲೇ ಕಾವಿಗೆ ಇಡಬಾರದು. ಕುಲುಕಾಟದಲ್ಲಿ ದಪ್ಪ ತುದಿಯ ಗಾಳಿ ಚೀಲ ಸಡಿಲವಾಗಿರುತ್ತದೆ, ಒಂದು ದಿನ ಅಲುಗಾಡಿಸದೆ ಬಿಡಬೇಕು. ಬಿಟ್ಟೆ. ಹತ್ತನ್ನು ಸಣ್ಣ ಕರೆಂಟಿನ ಪೆಟ್ಟಿಗೆಯಲ್ಲಿಟ್ಟೆ. 37.5 ಡಿಗ್ರಿ, ತಟ್ಟೆಯಲ್ಲಿ ನೀರು, 18ನೇ ದಿನದವರೆಗೆ ಹೊರಳಿಸುವುದು.

ಉಳಿದ ಹನ್ನೆರಡು ಪಕ್ಕದ ಮನೆಯ ತೆಲುಗಿನ ಅಮ್ಮನವರ ಕೋಳಿಯ ಕೆಳಗೆ ಹೋದವು. ನಮ್ಮ ನಾಟಿ ಕೋಳಿ ಅವರಿಗೆ ನಾಟು ಕೋಡಿ. ಮಾತು ಬೆಳೆಸುವುದಕ್ಕೆ ಅಷ್ಟು ಸಾಕಾಯಿತು. "ಸಗಂ ಸಗಂ" ಅಂದರು. ಅರ್ಧ ಅರ್ಧ. ಅಲ್ಲೂ ವಾರದ ಲೆಕ್ಕವೇ!

21ನೇ ದಿನ ಪೆಟ್ಟಿಗೆಯಲ್ಲಿ ಐದು ಮರಿ, ಕೋಳಿಯ ಕೆಳಗೆ ಏಳು. ಕಳಿಸಿದ್ದರಲ್ಲಿ ಸರಿಯಾಗಿ ಅರ್ಧ. ಏಳನ್ನು ಹಂಚುವಾಗ ಅವರು ನಾಲ್ಕು ತೆಗೆದುಕೊಂಡರು, "ಕೋಡಿ ನಾದಿ ಕದಾ" ಅಂತ ನಕ್ಕರು. ಕೋಳಿ ನನ್ನದಲ್ಲವಾ ಅಂತ. ಅಕ್ಕನಿಗೆ ಫೋನಿನಲ್ಲಿ ಹೇಳಿದರೆ, "ಕಾವು ಕೊಟ್ಟೋರಿಗೆ ಒಂದು ಹೆಚ್ಚಿಗೆ ಹೋಗ್ಲಿ ಬಿಡೋ" ಅಂದಳು.

ಮರುವರ್ಷ ಊರಿಗೆ ಕೊಕ್ಕರೆ ರೋಗ ಬಂತು. ಅಕ್ಕನ ಮನೆಯಲ್ಲಿ ಒಂದು ಕೋಳಿಯೂ ಉಳಿಯಲಿಲ್ಲ, ಬೀದಿಯಲ್ಲೂ ಇಲ್ಲ. ಅಮ್ಮನ ಕಾಲದಿಂದ ಬಂದ ಆ ಕಂದು ಕೋಳಿಯ ವಂಶ ಇದ್ದದ್ದು ಹೈದರಾಬಾದಿನ ಎರಡು ಹಿತ್ತಲಲ್ಲಿ ಮಾತ್ರ. ನನ್ನವುಗಳಲ್ಲಿ ಕೆಲವು ಅಷ್ಟು ಹೊತ್ತಿಗೆ ನಾಯಿ ಪಾಲಾಗಿದ್ದವು. ಬೇಕಾದಷ್ಟು ಮೊಟ್ಟೆ ಸಿಕ್ಕಿದ್ದು ಆ ಅಮ್ಮನವರ ಪಾಲಿಗೆ ಹೋದ ನಾಲ್ಕು ಮರಿಗಳ ಸಂತಾನದಿಂದ. ಈ ಸಲ ಹೊಟ್ಟು ತುಂಬಿದ ಡಬ್ಬಿ ಇಲ್ಲಿಂದ ಅಲ್ಲಿಗೆ ಹೊರಟಿತು. ಮರಿಗಳಿಗೆ ಲಸಿಕೆ ತಪ್ಪಿಸಬೇಡ ಅಂತ ಚೀಟಿ ಬರೆದಿಟ್ಟೆ.

ಇಲ್ಲಿನ ಹುಂಜದ ರಕ್ತ ಸೇರಿದೆ, ಅಮ್ಮನ ಕಾಲದ ಬಣ್ಣವೇ ಬರುತ್ತದೆ ಅನ್ನೋಕಾಗಲ್ಲ ಅಂತ ಅಕ್ಕನಿಗೆ ಮೊದಲೇ ಹೇಳಿದ್ದೆ. ಹದಿನೆಂಟರಲ್ಲಿ ಹತ್ತು ಮರಿಯಾದವಂತೆ. ಎರಡರ ಕತ್ತು ಉದ್ದ, ಕಾಲು ಎತ್ತರ, ನಮ್ಮ ಕಡೆಯವಲ್ಲ ಅಂತ ನೋಡಿದರೇ ತಿಳಿಯುತ್ತದಂತೆ. "ಇರ್ಲಿ ಬಿಡೋ, ಕೆದಕಿ ತಿನ್ನೋದು ಕಲಿತಿದಾವೆ" ಅಂದಳು.