ಸಿಕ್ಲಿಡ್ ಮತ್ಸ್ಯಗಳ ಶಿರೋವ್ರಣ: ನಾಮ, ನಿದಾನ, ಚಿಕಿತ್ಸೆಗಳ ಇತಿಹಾಸ

ರೋಗಕ್ಕೆ ಹೆಸರಿಡುವುದು ಒಂದು ಕಾರ್ಯ. ಅದರ ಹೇತುವನ್ನು ನಿಶ್ಚಯಿಸುವುದು ಮತ್ತೊಂದು. ಇವೆರಡನ್ನೂ ಒಂದೆಂದು ಭಾವಿಸಿದಲ್ಲಿ ಚಿಕಿತ್ಸೆಯು ದಾರಿ ತಪ್ಪುವುದು. ಗಾಜಿನ ತೊಟ್ಟಿಗಳಲ್ಲಿ ಸಾಕುವ ಸಿಕ್ಲಿಡ್ ಎಂಬ ಮತ್ಸ್ಯಕುಲದ ಶಿರೋವ್ರಣವು ಇದಕ್ಕೆ ತಕ್ಕ ನಿದರ್ಶನವಾಗಿದೆ. ವಿಷಯವು ಅಲ್ಪವೆಂದು ತೋರಬಹುದಾದರೂ, ಶಬ್ದಾರ್ಥಗಳ ಸಂಬಂಧವನ್ನು ವಿಚಾರಿಸುವವರಿಗೆ ಇದು ಉಪೇಕ್ಷಣೀಯವಲ್ಲ.

ಈ ಕುಲದ ಮೀನುಗಳು ಅಮೆರಿಕ, ಆಫ್ರಿಕ ಖಂಡಗಳಲ್ಲಿ ಹೇರಳವಾಗಿಯೂ ಭಾರತದಲ್ಲಿ ವಿರಳವಾಗಿಯೂ ಇರುವುವು. ದಕ್ಷಿಣ ಕನ್ನಡದ ಒಂದು ಜಾತಿಗೆ ಫ್ರಾನ್ಸಿಸ್ ಡೇ ಎಂಬ ವಿದ್ವಾಂಸನು ೧೮೭೭ರಲ್ಲಿ ಎಟ್ರೋಪ್ಲಸ್ ಕನರೆನ್ಸಿಸ್ ಎಂಬ ಹೆಸರನ್ನಿಟ್ಟುದರಿಂದ, ನಮ್ಮ ನಾಡಿನ ಹೆಸರೂ ಈ ಕುಲದಲ್ಲಿ ಸೇರಿದೆ. ತೊಟ್ಟಿಗಳಲ್ಲಿ ಪ್ರಸಿದ್ಧವಾದ ಆಸ್ಕರ್, ಡಿಸ್ಕಸ್, ಏಂಜಲ್ ಮೀನುಗಳು ದಕ್ಷಿಣ ಅಮೆರಿಕದ ನದಿಗಳವು. ಇವುಗಳಲ್ಲಿ ಆಸ್ಕರನ್ನು ೧೮೩೧ರಲ್ಲಿ ವರ್ಣಿಸಿದ ಅಗಾಸಿಯು ಅದು ಕಡಲ ಮೀನೆಂದು ಬಗೆದು ಲೊಬೋಟಿಸ್ ಎಂಬ ಗಣದಲ್ಲಿ ಸೇರಿಸಿದ್ದನು. ನಾಮದ ಭ್ರಾಂತಿಯು ಮೀನಿನಿಂದಲೇ ಆರಂಭವಾಯಿತೆನ್ನಬಹುದು.

ಇನ್ನು ರೋಗದ ರೂಪವನ್ನು ನೋಡೋಣ. ಮೀನಿನ ತಲೆಯಲ್ಲಿಯೂ ಪಾರ್ಶ್ವಗಳಲ್ಲಿಯೂ ನೀರಿನ ಚಲನೆಯನ್ನು ಗ್ರಹಿಸುವ ನಾಳಗಳುಂಟು. ರೋಗವು ತಗಲಿದಾಗ ಹಣೆಯ ಮೇಲೆ, ಕಣ್ಣುಗಳ ಸುತ್ತ ಸೂಜಿಮೊನೆಯಷ್ಟು ಗುಳಿಗಳು ತೋರುವುವು. ಅವು ಹಿಗ್ಗಿ ಒಂದಕ್ಕೊಂದು ಕೂಡಿ, ಕೆಲವೊಮ್ಮೆ ಪಾರ್ಶ್ವರೇಖೆಯನ್ನೂ ಸವೆಸುವುವು. ಆಂಗ್ಲರು ಇದನ್ನು ‘ತಲೆಯ ತೂತು’ ಎಂದು ಕರೆದರು. ಈ ಹೆಸರು ಲಕ್ಷಣವನ್ನು ಮಾತ್ರ ಹೇಳುವುದು, ಹೇತುವನ್ನು ಹೇಳುವುದಿಲ್ಲ.

ಆದರೆ ಹೆಸರು ಒಂದಾದುದರಿಂದ ಹೇತುವೂ ಒಂದೇ ಎಂಬ ಭಾವನೆಯು ಬಹುಕಾಲ ನಿಂತಿತು. ಕರುಳಿನಲ್ಲಿ ವಾಸಿಸುವ, ಚಾವಟಿಯಂತಹ ಎಳೆಗಳುಳ್ಳ ಹೆಕ್ಸಾಮಿಟ ಎಂಬ ಸೂಕ್ಷ್ಮಜೀವಿಯೇ ಕಾರಣವೆಂದು ಮತ್ಸ್ಯಪಾಲಕರು ನಂಬಿದರು. ೧೯೫೯ರಲ್ಲಿ ಮಾನವರ ಟ್ರೈಕೊಮೊನಾಸ್ ರೋಗಕ್ಕೆ ಮದ್ದೆಂದು ಪ್ರಕಟವಾದ ಮೆಟ್ರೊನಿಡಜೋಲನ್ನು ಮುಂದೆ ಮೀನುಗಳಿಗೂ ಕೊಟ್ಟಾಗ ಕೆಲವು ಗುಣ ಹೊಂದಿದುವು, ಕೆಲವು ಹೊಂದಲಿಲ್ಲ. ಔಷಧದ ಫಲದಿಂದ ರೋಗವನ್ನು ತಿಳಿಯುವ ಉಪಾಯಕ್ಕೆ ನಮ್ಮ ವೈದ್ಯಶಾಸ್ತ್ರದಲ್ಲಿ ಉಪಶಯವೆಂದು ಹೆಸರು. ಗುಣವಾದುದನ್ನು ಮಾತ್ರ ಎಣಿಸಿ ಗುಣವಾಗದುದನ್ನು ಬಿಟ್ಟರೆ ಉಪಶಯವು ಪ್ರಮಾಣವಾಗಲಾರದು.

ಅನಂತರ ಈ ಜೀವಿಯ ಹೆಸರೂ ತಿದ್ದುಪಡಿಯಾಯಿತು. ೧೯೯೫ರಲ್ಲಿ ಏಂಜಲ್ ಮೀನಿನಿಂದ ಸ್ಪೈರೊನ್ಯೂಕ್ಲಿಯಸ್ ವೊರ್ಟೆನ್ಸ್ ಎಂಬ ಜಾತಿಯು ವರ್ಣಿತವಾಯಿತು. ೨೦೦೧ರಲ್ಲಿ ಅದನ್ನು ಡಿಸ್ಕಸ್ ಮೀನಿನ ಶಿರೋವ್ರಣದಿಂದಲೂ ಬೇರ್ಪಡಿಸಿದ ಪಾಲ್, ಮ್ಯಾಥ್ಯೂಸ್ ಎಂಬ ಸಂಶೋಧಕರು ಇದು ‘ಸಂಭಾವ್ಯ’ ಹೇತುವೆಂದು ಮಾತ್ರ ಬರೆದರು. ಆ ವಿಶೇಷಣವು ಗಮನಾರ್ಹವಾದುದು. ೨೦೧೧ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಇದ್ದಿಲಿನ ಶೋಧಕದ ಮೂಲಕ ಹಾಯಿಸಿದ ನೀರಿನಲ್ಲಿದ್ದ ಸರ್ಜನ್ ಎಂಬ ಕಡಲ ಮೀನುಗಳಿಗೆ ಇದೇ ಬಗೆಯ ಸವೆತವು ಉಂಟಾಯಿತು. ಅವು ಸಿಕ್ಲಿಡ್‌ಗಳಲ್ಲದುದರಿಂದ ಆ ನಿರ್ಣಯವನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಒಂದೇ ರೂಪವು ಹಲವು ಹೇತುಗಳಿಂದ ಹುಟ್ಟಬಹುದೆಂಬುದು ಅದರಿಂದ ಸಿದ್ಧವಾಗುವುದು. ಮಲಿನವಾದ ನೀರು, ಇಕ್ಕಟ್ಟು, ಜೀವಸತ್ವಗಳ ಕೊರತೆಯುಳ್ಳ ಏಕವಿಧದ ಆಹಾರ ಇವುಗಳ ಮೇಲೂ ತಜ್ಞರಿಗೆ ಸಂದೇಹವುಂಟು.

ಹೀಗಿರಲು ಚಿಕಿತ್ಸೆಯ ಕ್ರಮವೂ ಸ್ಪಷ್ಟವಾಗುವುದು. ಮೊದಲು ನಿದಾನಪರಿವರ್ಜನ: ವಿಶಾಲವಾದ ತೊಟ್ಟಿ, ನಿಯಮದಂತೆ ನೀರಿನ ಒಂದು ಭಾಗದ ಬದಲಾವಣೆ, ನೈಟ್ರೇಟ್ ಏರದಂತೆ ಎಚ್ಚರ, ವಿವಿಧವಾದ ಆಹಾರ. ಗುಳಿಗಳು ತೋರಿದಲ್ಲಿ ನೀರನ್ನು ಪರೀಕ್ಷಿಸಿ, ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ಜೀವಿಯು ಕಂಡರೆ ಪಶುವೈದ್ಯರ ಸೂಚನೆಯಂತೆ ಮೆಟ್ರೊನಿಡಜೋಲನ್ನು ಕೊಡುವುದು ಯುಕ್ತ. ರೋಗವು ಕರುಳಿನಲ್ಲಿರುವಾಗ ಆಹಾರದೊಡನೆ ಕೊಡುವುದು ಲೇಸು. ಎಳೆಯ ವ್ರಣಗಳು ಮಾಯುವುವು. ಆಳವಾದುವು ಮಾಯ್ದರೂ ಕಲೆಗಳು ಉಳಿಯುವುದುಂಟು.

ತೊಟ್ಟಿಯ ಮೀನು ತನ್ನ ನೀರನ್ನು ತಾನೇ ಆರಿಸಿಕೊಳ್ಳಲಾರದು. ಹೆಸರನ್ನೇ ಹೇತುವೆಂದು ತಿಳಿದು ಮದ್ದನ್ನು ಸುರಿಯುತ್ತ ಹೋದರೆ, ಆ ತಪ್ಪಿನ ಫಲವನ್ನು ಮೂಕಪ್ರಾಣಿಯು ಉಣ್ಣಬೇಕಾಗುವುದು. ಆದುದರಿಂದ ಇಲ್ಲಿ ನಾಮವಿಚಾರವು ಜೀವದಯೆಗೂ ಅಂಗವಾಗಿದೆ.