ಸುತ್ತೋಲೆಗೆ ಬಗ್ಗದ ಹೈಸ್ಕೂಲು ಹುಡುಗರು

1905ರ ಅಕ್ಟೋಬರ್ 10. ಬಂಗಾಳ ಸರ್ಕಾರದ ಪ್ರಭಾರ ಮುಖ್ಯ ಕಾರ್ಯದರ್ಶಿ ಆರ್. ಡಬ್ಲ್ಯು. ಕಾರ್ಲೈಲ್ ಜಿಲ್ಲೆಗಳ ಮ್ಯಾಜಿಸ್ಟ್ರೇಟರಿಗೂ ಕಲೆಕ್ಟರರಿಗೂ ಒಂದು ಸುತ್ತೋಲೆ ಹೊರಡಿಸಿದರು. ಶಾಲಾ ಕಾಲೇಜುಗಳ ಹುಡುಗರು ರಾಜಕೀಯ ಸಭೆ, ಬಹಿಷ್ಕಾರ, ಪಿಕೆಟಿಂಗ್‌ಗಳಲ್ಲಿ ತೊಡಗದಂತೆ ನೋಡಿಕೊಳ್ಳಿ ಎಂಬುದು ಅದರ ತಾತ್ಪರ್ಯ. ಇಷ್ಟೇ ಆಗಿದ್ದರೆ ಅದು ಸರ್ಕಾರಿ ಕಡತಗಳ ರಾಶಿಯಲ್ಲಿ ಕಳೆದುಹೋಗುತ್ತಿತ್ತು. ಆದರೆ ಸುತ್ತೋಲೆ ಶಿಕ್ಷೆಯ ದಾರಿಯನ್ನೂ ಹೇಳಿತ್ತು. ಹುಡುಗರನ್ನು ಹತೋಟಿಯಲ್ಲಿಡದ ಶಾಲೆಯ ಅನುದಾನ ನಿಲ್ಲಿಸಬಹುದು. ಅಲ್ಲಿನ ಮಕ್ಕಳು ಸರ್ಕಾರಿ ವಿದ್ಯಾರ್ಥಿವೇತನಕ್ಕೆ ಸ್ಪರ್ಧಿಸುವ ಅವಕಾಶ ಕಳೆದುಕೊಳ್ಳಬಹುದು. ಶಾಲೆಯ ಮಾನ್ಯತೆ ಕಿತ್ತುಹಾಕುವಂತೆ ವಿಶ್ವವಿದ್ಯಾಲಯವನ್ನು ಕೇಳಬಹುದು. ಗಲಾಟೆಯ ಭಯವಿದ್ದರೆ ಮೇಷ್ಟರುಗಳನ್ನೇ ವಿಶೇಷ ಕಾನ್ಸ್‌ಟೇಬಲ್‌ಗಳನ್ನಾಗಿ ನೇಮಿಸಬಹುದು.

ಹೈಸ್ಕೂಲು ಹುಡುಗನಿಗೆ ದೇಶದ ರಾಜಕೀಯದ ಬಗ್ಗೆ ಅಭಿಪ್ರಾಯ ಇರಬಹುದೇ, ಇದ್ದರೆ ಅದನ್ನು ಆಡಿ ತೋರಿಸಬಹುದೇ ಎಂಬ ಪ್ರಶ್ನೆ ಆಧುನಿಕ ಭಾರತದಲ್ಲಿ ಇಷ್ಟು ನೇರವಾಗಿ ಎದ್ದು ನಿಂತದ್ದು ಆ ವರ್ಷದ ಬಂಗಾಳದಲ್ಲಿ.

ಹಿನ್ನೆಲೆ ಎಲ್ಲರೂ ಬಲ್ಲದ್ದೇ. ಲಾರ್ಡ್ ಕರ್ಜನ್ ಬಂಗಾಳವನ್ನು ಎರಡಾಗಿ ಸೀಳುವ ನಿರ್ಧಾರ ಪ್ರಕಟಿಸಿದ್ದರು. ಆಗಸ್ಟ್ 7ರಂದು ಕಲ್ಕತ್ತಾದ ಟೌನ್ ಹಾಲ್ ಸಭೆ ವಿದೇಶಿ ಸರಕಿನ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಅಕ್ಟೋಬರ್ 16ರಂದು ವಿಭಜನೆ ಜಾರಿಗೆ ಬಂದಾಗ ಜನ ಬರಿಗಾಲಲ್ಲಿ ನಡೆದು ಗಂಗೆಯಲ್ಲಿ ಮಿಂದರು, ಒಬ್ಬರಿಗೊಬ್ಬರು ರಾಖಿ ಕಟ್ಟಿದರು. ಠರಾವು ಬರೆದವರು ವಕೀಲರು, ಜಮೀನ್ದಾರರು, ಪತ್ರಕರ್ತರು. ಆದರೆ ಅಂಗಡಿಯ ಮುಂದೆ ಬಿಸಿಲಲ್ಲಿ ನಿಂತು ಮ್ಯಾಂಚೆಸ್ಟರ್ ಬಟ್ಟೆ ಕೊಳ್ಳಬೇಡಿ ಎಂದು ಕೈ ಮುಗಿದವರು ಬಹುಪಾಲು ವಿದ್ಯಾರ್ಥಿಗಳು. ಚಳವಳಿಯ ಕಾಲಾಳುಗಳು ಅವರೇ. ಇದನ್ನು ಸರ್ಕಾರ ಚೆನ್ನಾಗಿ ಅರಿತಿತ್ತು.

ವಿಭಜನೆಯ ಬಗ್ಗೆ ಹುಡುಗರು ಹೇಳುತ್ತಿದ್ದುದು ಸರಿಯೋ ತಪ್ಪೋ ಎಂಬ ಮಾತನ್ನು ಸರ್ಕಾರ ಎತ್ತಲೇ ಇಲ್ಲ. ಅದರ ಲೆಕ್ಕದಲ್ಲಿ ಹುಡುಗನ ಅಭಿಪ್ರಾಯ ಹುಡುಗನದ್ದಲ್ಲ, ಯಾರೋ ದೊಡ್ಡವರು ತಲೆಗೆ ತುಂಬಿದ್ದು. ಆದ್ದರಿಂದ ಹಿಡಿಯಬೇಕಾದ್ದು ದೊಡ್ಡವರನ್ನು, ಅದರಲ್ಲೂ ಮೇಷ್ಟರನ್ನು. ಕಲ್ಕತ್ತಾ ವಿಶ್ವವಿದ್ಯಾಲಯದ ಮಾನ್ಯತೆ ಹೋದರೆ ಆ ಶಾಲೆಯಿಂದ ಎಂಟ್ರೆನ್ಸ್ ಪರೀಕ್ಷೆಗೆ ಹುಡುಗರನ್ನು ಕಳಿಸುವಂತಿಲ್ಲ. ಎಂಟ್ರೆನ್ಸ್ ಇಲ್ಲದಿದ್ದರೆ ಕಾಲೇಜಿಲ್ಲ, ಕಚೇರಿಯಲ್ಲಿ ಕಾರಕೂನಿಕೆಯೂ ಸಿಗುವುದು ಕಷ್ಟ. ಒಬ್ಬ ಹುಡುಗ ಸಭೆಗೆ ಹೋದರೆ ಇಡೀ ಶಾಲೆಯ ಭವಿಷ್ಯ ಅಲ್ಲಾಡುವಂತೆ ಈ ಕೀಲಿಯನ್ನು ಜೋಡಿಸಲಾಗಿತ್ತು.

ಮೊದಲ ಪರೀಕ್ಷೆ ನಡೆದದ್ದು ರಂಗಪುರದಲ್ಲಿ. ಸ್ವದೇಶಿ ಸಭೆಗೆ ಹೋಗಿದ್ದರೆಂದು ಅಲ್ಲಿನ ಶಾಲೆಗಳ ಹುಡುಗರಿಗೆ ತಲಾ ಐದು ರೂಪಾಯಿ ದಂಡ ಬಿತ್ತು. ಆ ಕಾಲಕ್ಕೆ ಐದು ರೂಪಾಯಿ ಸಣ್ಣ ಮೊತ್ತವಲ್ಲ. ಪೋಷಕರು ಕಟ್ಟುವುದಿಲ್ಲ ಎಂದರು. ನವೆಂಬರ್ 8ರಂದು ಊರವರೇ ಸೇರಿ ಒಂದು ರಾಷ್ಟ್ರೀಯ ಶಾಲೆ ತೆರೆದರು. ಅದಕ್ಕೆ ನಾಲ್ಕು ದಿನ ಮೊದಲು ಕಲ್ಕತ್ತಾದಲ್ಲಿ ಆಂಟಿ ಸರ್ಕ್ಯುಲರ್ ಸೊಸೈಟಿ ಹುಟ್ಟಿತ್ತು. ಕೃಷ್ಣಕುಮಾರ ಮಿತ್ರ ಅಧ್ಯಕ್ಷರು, ವಿದ್ಯಾರ್ಥಿ ನಾಯಕ ಶಚೀಂದ್ರಪ್ರಸಾದ ಬಸು ಕಾರ್ಯದರ್ಶಿ. ಶಾಲೆಯಿಂದ ಹೊರಬಿದ್ದವರಿಗೆ ಓದಿನ ದಾರಿ ಹುಡುಕುವುದು, ಸ್ವದೇಶಿ ಬಟ್ಟೆಯನ್ನು ಮನೆಮನೆಗೆ ಹೊತ್ತು ಮಾರುವುದು ಅದರ ಕೆಲಸ.

ಹೊಸ ಪ್ರಾಂತ್ಯವಾದ ಪೂರ್ವ ಬಂಗಾಳ ಮತ್ತು ಅಸ್ಸಾಮಿನಲ್ಲಿ ಬಿಗಿ ಇನ್ನೂ ಹೆಚ್ಚಿತ್ತು. ಅಲ್ಲಿನ ಲೆಫ್ಟಿನೆಂಟ್ ಗವರ್ನರ್ ಬ್ಯಾಂಫೀಲ್ಡ್ ಫುಲ್ಲರ್. ಬೀದಿಯಲ್ಲಿ ವಂದೇ ಮಾತರಂ ಕೂಗುವುದಕ್ಕೂ ಅವರ ಸರ್ಕಾರ ತಡೆ ಹಾಕಿತು. ಸಿರಾಜ್‌ಗಂಜ್‌ನ ಎರಡು ಹೈಸ್ಕೂಲುಗಳ ಹುಡುಗರ ಮೇಲೆ ದೊಂಬಿ, ಹಲ್ಲೆಯ ಆರೋಪ ಬಂದಾಗ, ಎರಡೂ ಶಾಲೆಗಳ ಮಾನ್ಯತೆ ಹಿಂತೆಗೆಯಬೇಕೆಂದು ಫುಲ್ಲರ್ 1906ರ ಆರಂಭದಲ್ಲಿ ವಿಶ್ವವಿದ್ಯಾಲಯವನ್ನು ಕೇಳಿದರು. ವಿಷಯ ಸೆನೆಟ್ ಮುಂದೆ ಬಂದರೆ ವಿಭಜನೆಯ ಚರ್ಚೆಯೇ ಮತ್ತೆ ಭುಗಿಲೇಳುತ್ತದೆ ಎಂದು ಹೊಸ ವೈಸರಾಯ್ ಲಾರ್ಡ್ ಮಿಂಟೋ ಸರ್ಕಾರಕ್ಕೆ ಅಳುಕು. ಕೋರಿಕೆ ಹಿಂದಕ್ಕೆ ತೆಗೆದುಕೊಳ್ಳಿ ಎಂದು ಅದು ಸೂಚಿಸಿತು. ಫುಲ್ಲರ್ ಪಟ್ಟು ಬಿಡಲಿಲ್ಲ. ಸೂಚನೆ ಬದಲಿಸಿ, ಇಲ್ಲವೇ ನನ್ನ ರಾಜೀನಾಮೆ ಸ್ವೀಕರಿಸಿ ಎಂದು ಬರೆದರು. ಮಿಂಟೋ ಎರಡನೆಯದನ್ನು ಆರಿಸಿಕೊಂಡರು. ಆಗಸ್ಟ್‌ನಲ್ಲಿ ಫುಲ್ಲರ್ ಹೊರಟುಹೋದರು. ಎರಡು ಮೊಫಸ್ಸಿಲ್ ಹೈಸ್ಕೂಲುಗಳ ತಕರಾರು ಒಬ್ಬ ಪ್ರಾಂತ್ಯಾಧಿಪತಿಯ ಕುರ್ಚಿ ಕಳೆದಿತ್ತು.

ಇಲ್ಲಿಗೇ ನಿಲ್ಲಿಸಿದರೆ ಇದು ಹುಡುಗರ ಗೆಲುವಿನ ಕತೆ. ಆದರೆ ಕತೆಗೆ ಇನ್ನೊಂದು ಮಗ್ಗುಲಿದೆ. ವಿದೇಶಿ ಬಟ್ಟೆ ಅಗ್ಗ, ಸ್ವದೇಶಿ ಬಟ್ಟೆ ತುಟ್ಟಿ. ಪೂರ್ವ ಬಂಗಾಳದ ಸಂತೆಗಳಲ್ಲಿ ಆ ಅಗ್ಗದ ಬಟ್ಟೆಯನ್ನು ಕೊಳ್ಳುತ್ತಿದ್ದವರಲ್ಲಿ, ಮಾರುತ್ತಿದ್ದವರಲ್ಲಿ ಬಡ ಮುಸ್ಲಿಮರೂ ಕೆಳಜಾತಿಯ ರೈತರೂ ಇದ್ದರು. ಭದ್ರಲೋಕದ ಮನೆಗಳಿಂದ ಬಂದ ಹುಡುಗರ ಕೈಮುಗಿತ ಕೆಲವೆಡೆ ಕೈಮಾಡುವ ತನಕ ಹೋಯಿತು. ರಾಖಿ ಮೆರವಣಿಗೆಯ ಮುಂಚೂಣಿಯಲ್ಲಿದ್ದ ರವೀಂದ್ರನಾಥ ಠಾಕೂರರು ಈ ಒತ್ತಾಯವನ್ನು ಕಂಡು ಚಳವಳಿಯಿಂದ ದೂರ ಸರಿದರು. 1916ರ ಅವರ ‘ಘರೇ ಬೈರೆ’ ಕಾದಂಬರಿಯ ಒಡಲಲ್ಲಿ ಇರುವುದು ಇದೇ ಸಂಕಟ. ದೊಡ್ಡವರು ಹುಡುಗರ ತಲೆ ಕೆಡಿಸುತ್ತಿದ್ದಾರೆ ಎಂಬ ಸರ್ಕಾರದ ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಅದಕ್ಕೆ ಅದು ಹುಡುಕಿದ ಮದ್ದು ಬಾಯಿ ಮುಚ್ಚಿಸುವುದಾಗಿತ್ತು. ತರಗತಿಯಲ್ಲಿ ವಾದ ಮಾಡಿ ತಿದ್ದಿಕೊಳ್ಳಬಹುದಾಗಿದ್ದ ಮಾತು ತರಗತಿಯಿಂದಲೇ ಹೊರಬಿತ್ತು.

ಹೊರಬಿದ್ದ ಮಾತು ಎಲ್ಲಿಗೆ ಹೋಯಿತು? ಒಂದು ಭಾಗ ಹೊಸ ಶಾಲೆಗಳಿಗೆ. 1906ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಶಿಕ್ಷಣ ಪರಿಷತ್ತು ರೂಪುಗೊಂಡಿತು. ಸುಬೋಧ ಮಲ್ಲಿಕ್ ಒಂದು ಲಕ್ಷ ರೂಪಾಯಿ ಕೊಡುವುದಾಗಿ ಘೋಷಿಸಿದ್ದರು. ಆಗಸ್ಟ್‌ನಲ್ಲಿ ತೆರೆದ ಬೆಂಗಾಲ್ ನ್ಯಾಷನಲ್ ಕಾಲೇಜಿಗೆ ಅರವಿಂದ ಘೋಷರು ಪ್ರಾಂಶುಪಾಲರಾದರು. ಇದೇ ಗಾಳಿ ಧಾರವಾಡಕ್ಕೂ ಬೀಸಿತು. ಆಲೂರು ವೆಂಕಟರಾಯರು ನಡೆಸಿದ ನೂತನ ವಿದ್ಯಾಲಯ ಇಂಥದೇ ರಾಷ್ಟ್ರೀಯ ಶಾಲೆ. ಆದರೆ ಸರ್ಕಾರ ಒಪ್ಪದ ಪ್ರಮಾಣಪತ್ರ ಹಿಡಿದು ಹೊಟ್ಟೆ ಹೊರೆಯುವುದು ಸುಲಭವಲ್ಲ. ಹೆಚ್ಚಿನ ಶಾಲೆಗಳು ಕೆಲವೇ ವರ್ಷಗಳಲ್ಲಿ ಸೊರಗಿದವು. ಉಳಿದದ್ದು ತಾಂತ್ರಿಕ ಶಿಕ್ಷಣದ ಕವಲು. ಅದೇ 1955ರಲ್ಲಿ ಜಾದವಪುರ ವಿಶ್ವವಿದ್ಯಾಲಯವಾಯಿತು.

ಇನ್ನೊಂದು ಭಾಗ ಕತ್ತಲಿಗೆ ಹೋಯಿತು. 1906ರ ಫೆಬ್ರುವರಿಯಲ್ಲಿ ಮಿದ್ನಾಪುರದ ವಸ್ತುಪ್ರದರ್ಶನದಲ್ಲಿ ಕರಪತ್ರ ಹಂಚುತ್ತಿದ್ದಾಗ ಹದಿನಾರು ವರ್ಷದ ಹುಡುಗನೊಬ್ಬ ಸಿಕ್ಕಿಬಿದ್ದ. ಹೆಸರು ಖುದೀರಾಮ ಬೋಸ್. ಎರಡು ವರ್ಷದ ಬಳಿಕ ಅವನ ಕೈಯಲ್ಲಿದ್ದದ್ದು ಬಾಂಬು. ಮ್ಯಾಜಿಸ್ಟ್ರೇಟ್ ಕಿಂಗ್ಸ್‌ಫರ್ಡ್‌ಗೆಂದು ಮುಜಫರಪುರದಲ್ಲಿ ಎಸೆದ ಬಾಂಬಿಗೆ ಕೆನಡಿ ಮನೆತನದ ತಾಯಿ ಮಗಳು ಬಲಿಯಾದರು. 1908ರ ಆಗಸ್ಟ್ 11ರಂದು ಖುದೀರಾಮನನ್ನು ಗಲ್ಲಿಗೇರಿಸಿದರು. ಆಗ ಅವನಿಗೆ ಹದಿನೆಂಟು. ಅವನ ಹಾದಿಗೆ ಸುತ್ತೋಲೆಯೊಂದೇ ಕಾರಣ ಎನ್ನಲಾಗದು, ಗುಪ್ತ ಸಮಿತಿಗಳು ಮೊದಲೇ ಇದ್ದವು. ಆದರೆ ಕರಪತ್ರ ಹಂಚುವುದೂ ಅಪರಾಧ, ಸಭೆಗೆ ಹೋಗುವುದೂ ಅಪರಾಧ ಎಂದಾದ ಮೇಲೆ, ಬಹಿರಂಗವಾಗಿ ಮಾತಾಡಿ ಎಂದು ಹುಡುಗರಿಗೆ ಬುದ್ಧಿ ಹೇಳುವ ಹಿರಿಯರ ಬಳಿ ವಾದವೇ ಉಳಿಯಲಿಲ್ಲ.

ಸರ್ಕಾರ ಕಲಿತ ಪಾಠ ಬೇರೆ. 1907ರಲ್ಲಿ ಭಾರತ ಸರ್ಕಾರದ ಗೃಹ ಕಾರ್ಯದರ್ಶಿ ಎಚ್. ಎಚ್. ರಿಸ್ಲೆ ಇನ್ನೊಂದು ಸುತ್ತೋಲೆ ಹೊರಡಿಸಿ, ಬಂಗಾಳದ ಕಟ್ಟಳೆಯನ್ನು ದೇಶಕ್ಕೆಲ್ಲ ಹಬ್ಬಿಸಿದರು. ಶಾಲಾ ಹುಡುಗರು ರಾಜಕೀಯ ಸಭೆಗಳಿಗೆ ಕಾಲಿಡಬಾರದು ಎಂಬ ನಿಯಮ ಮುಂಬಯಿ, ಮದರಾಸು ಪ್ರಾಂತ್ಯಗಳ ಶಾಲೆಗಳಿಗೂ ಬಂತು. ನಾವು ಇಂದಿಗೂ ಕೇಳುವ ‘ಓದುವ ಹುಡುಗರಿಗೇಕೆ ರಾಜಕೀಯ’ ಎಂಬ ಮಾತು ಹಿರಿಯರ ಅಕ್ಕರೆಯಿಂದಲೇ ಹುಟ್ಟಿರಬಹುದು. ಆದರೆ ಆ ಮಾತು ಸರ್ಕಾರಿ ಆಜ್ಞೆಯೂ ಆಗಿದ್ದ ಕಾಲವೊಂದಿತ್ತು.

1911ರ ಡಿಸೆಂಬರ್ 12ರಂದು ದೆಹಲಿ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆ ಬಂಗಾಳದ ವಿಭಜನೆಯನ್ನು ರದ್ದುಮಾಡಿದರು. ಯಾವ ಅಭಿಪ್ರಾಯಕ್ಕಾಗಿ ರಂಗಪುರದ ಹುಡುಗರಿಗೆ ದಂಡ ಹಾಕಲಾಗಿತ್ತೋ, ಆರು ವರ್ಷಗಳ ನಂತರ ಸಾಮ್ರಾಜ್ಯವೇ ಅದಕ್ಕೆ ಬಂದು ನಿಂತಿತ್ತು.