ರೈಲಿನ ಊರಿಗೆ ಬಂದ ಕೆಂಪು ಗೋಧಿ

ಹಿಂಗಾರಿ ಗೋಧಿ ಬಿತ್ತೋ ಹೊತ್ತಿನ್ಯಾಗ ಇದೇನು ಅಮೆರಿಕಾದ ಕಥಿ ಅನ್ನಬ್ಯಾಡ್ರಿ. ನಮ್ಮಪ್ಪನ ಕಾಲದಾಗ ಕಲ್ಯಾಣ್ ಸೋನಾ, ಸೋನಾಲಿಕಾ ಅಂತ ಗಿಡ್ಡ ಗೋಧಿ ಬಂದಿದ್ವು, ಹಿರಿಯರಿಗೆ ನೆನಪಿರಬೇಕು. ಅವುಗಳ ಮೂಲ ಹುಡುಕ್ಕೊಂತ ಹೋದ್ರ ಒಂದು ಎಳೆ ಕಾನ್ಸಾಸ್ ರಾಜ್ಯದ ನ್ಯೂಟನ್ ಅನ್ನೋ ರೈಲ್ವೆ ಊರಿನ ಸುತ್ತಲಿನ ಹೊಲಕ್ಕ ಹೋಗತೈತಿ.

ಆ ಸೀಮಿ ಅಂದ್ರ ಗಿಡಮರ ಕಡಿಮೆ, ಕಣ್ಣು ಹಾಯ್ದಷ್ಟು ದೂರ ಬರೇ ಹುಲ್ಲು. ಅದಕ್ಕ ಪ್ರೇರಿ ಅಂತಾರ. ಕಾನ್ಸಾ ಅನ್ನೋ ಮೂಲನಿವಾಸಿಗಳಿಂದ ರಾಜ್ಯಕ್ಕೆ ಹೆಸರು ಬಂತು, ಆ ಜನರನ್ನೇ 1873ರಲ್ಲಿ ಅಲ್ಲಿಂದ ಎಬ್ಬಿಸಿ ದಕ್ಷಿಣಕ್ಕೆ ಕಳಿಸಿದ್ರು. ಹೆಸರಷ್ಟೇ ಉಳೀತು. ಹಳಿ ಹಾಕಬೇಕು ಅನ್ನೋ ಕರಾರಿನ ಮೇಲೆ ಸಾಂತಾ ಫೆ ರೈಲ್ವೆ ಕಂಪನಿಗೆ ಸಿಕ್ಕ ಭೂಮಿ ಸುಮಾರು 30 ಲಕ್ಷ ಎಕರೆ! ಹಳಿಯ ಎರಡೂ ಬಾಜೂಕ, ಚದುರಂಗದ ಮನೆಯಂಗ, 640 ಎಕರೆಯ ಚೌಕ ಒಂದು ಬಿಟ್ಟು ಒಂದು ಕಂಪನಿದು.

1871ರಲ್ಲಿ ಹಳಿ ನ್ಯೂಟನ್‌ಗೆ ಮುಟ್ಟಿತು. ಟೆಕ್ಸಾಸ್‌ನಿಂದ ದನ ಹೊಡಕೊಂಡು ಬಂದು ಇಲ್ಲಿ ರೈಲಿಗೆ ಹತ್ತಸ್ತಿದ್ರು. ಕುಡಿತ, ಜೂಜು, ಆಗಸ್ಟ್‌ನಾಗ ಗುಂಡು ಹಾರಿ ಹೆಣನೂ ಬಿದ್ದುವು. ಮರುವರ್ಷ ಹಳಿ ವಿಚಿಟಾಕ್ಕೆ ಹೋತು, ದನದ ವ್ಯಾಪಾರನೂ ಅದರ ಹಿಂದೇ ಹೋತು. ಸಂತಿ ಮುರದ ಊರು ಹೆಂಗಿರತೈತಿ ಅಂತ ನಮಗ ಗೊತ್ತೈತಲ್ರಿ.

ಕಂಪನಿಗೆ ಚಿಂತಿ ಹತ್ತಿತು. ಬೆಳಿ ಇಲ್ಲದ ಭೂಮಿಯಿಂದ ರೈಲಿಗೆ ಮಾಲು ಎಲ್ಲಿಂದ ಬರಬೇಕು? ಆಗ ಅದರ ಭೂಮಿ ಏಜೆಂಟ್ ಸಿ. ಬಿ. ಶ್ಮಿಟ್ ಕಣ್ಣಿಗೆ ಬಿದ್ದವ್ರು ಮೆನ್ನೊನೈಟ್ ರೈತರು. ಜರ್ಮನ್ ಮಾತಾಡೋ ಜನ, ಆದ್ರ ಇದ್ದದ್ದು ಆಗಿನ ರಷ್ಯಾದ ದಕ್ಷಿಣದಾಗ, ಅಂದ್ರ ಈಗಿನ ಉಕ್ರೇನ್. ಆಯುಧ ಹಿಡೀಬಾರದು ಅನ್ನೋದು ಅವರ ಧರ್ಮ. ಚಕ್ರವರ್ತಿ ಸೈನ್ಯಕ್ಕ ಬರ್ರಿ ಅಂದಾಗ ಊರಿಗೆ ಊರೇ ಎದ್ದು ಹೊಂಟ್ರು. 1874ರಲ್ಲಿ ಸಾವಿರಾರು ಮಂದಿ ಕಾನ್ಸಾಸ್‌ಗೆ ಬಂದಿಳಿದ್ರು. ಅದೇ ಬ್ಯಾಸಗಿ ಮಿಡತಿ ದಂಡು ಬಂದು ಅಲ್ಲಿನ ಬೆಳಿ ತಿಂದು ಬೋಳು ಮಾಡಿತ್ತು. ನ್ಯೂಟನ್‌ನ ಉತ್ತರಕ್ಕೆ ಗೆಸೆಲ್ ಕಡೆ ಕಂಪನಿ ಇವರಿಗೆ ಉದ್ದನೆ ಶೆಡ್ ಕಟ್ಟಿಸಿಕೊಟ್ಟಿತು. ಧರ್ಮಕ್ಕಲ್ಲ, ಭೂಮಿ ಮಾರಾಕ.

ಅವರ ಸಂಗಾಟ ಬಂದದ್ದು ಟರ್ಕಿ ರೆಡ್ ಅನ್ನೋ ಕೆಂಪು ಗೋಧಿ. ಪೆಟ್ಟಿಗಿ ತುಂಬಿಸಾಕ ಸಣ್ಣ ಹುಡುಗಿ ಒಬ್ಬಾಕಿ ಒಂದೊಂದೇ ಕಾಳು ಆರಿಸಿದ್ಲು ಅಂತ ಬಾಯಿಂದ ಬಾಯಿಗೆ ಬಂದ ಕಥಿ ಐತಿ. ಈ ಗೋಧಿನ ಚಳಿಗಾಲ ಬರೋಕಿಂತ ಮುಂಚೆ ಬಿತ್ತತಾರ, ಸಸಿ ಹಿಮದಾಗ ಮಲಗಿರತೈತಿ, ಬಿಸಿಲು ಪೂರಾ ಏರೋದ್ರಾಗ ಕೊಯ್ಲಿಗೆ ಬರತೈತಿ.

ಆದ್ರ ಬೀಜ ಒಂದರಿಂದ ಊರು ಬದುಕಲಿಲ್ಲ. ಈ ಗೋಧಿ ಭಾಳ ಗಟ್ಟಿ. ಆಗಿನ ಕಲ್ಲಿನ ಗಿರಣಿ ಮೆತ್ತನ ಗೋಧಿಗೆ ಮಾಡಿದ್ದು. ಇದನ್ನ ಹಾಕಿದ್ರ ತೌಡು ಪುಡಿಯಾಗಿ ಹಿಟ್ಟಿನಾಗ ಕೂಡತಿತ್ತು. ಗಿರಣಿಯವರು ರೇಟು ಕಡಿಮೆ ಮಾಡಿದ್ರು. ಇದನ್ನ ಓದುವಾಗ ನನಗ ನನ್ನ ಸದಕ ಗೋಧಿ ನೆನಪಾತು. ಒಕ್ಕಣಿ ಮಾಡಿದ್ರೂ ಸಿಪ್ಪಿ ಬಿಡಂಗಿಲ್ಲ ಅಂತ ಗಿರಣಿಯವ ಚೀಲ ವಾಪಸ್ ಕಳಿಸಿದ್ದ. ಕಾಳಿನಾಗ ದೋಷ ಇರಲಿಲ್ಲ, ಯಂತ್ರ ಇರಲಿಲ್ಲ. ಅಲ್ಲಿ ಆ ಕೆಲಸ ಮಾಡಿದವ ಬರ್ನ್‌ಹಾರ್ಡ್ ವಾರ್ಕೆಂಟಿನ್, ಅವನೂ ಅದೇ ಸೀಮಿಯಿಂದ ಬಂದವ. ಮೊದಲು ಹಾಲ್‌ಸ್ಟೆಡ್‌ನಾಗ, ಆಮೇಲೆ ನ್ಯೂಟನ್‌ನಾಗ ಗಿರಣಿ ನಡೆಸಿದ, ರಷ್ಯಾದಿಂದ ಮತ್ತ ಬೀಜ ತರಿಸಿದ. ಉಕ್ಕಿನ ರೋಲರ್ ಗಿರಣಿ ಬಂದ ಮ್ಯಾಲೆ ಅದೇ ಗಟ್ಟಿ ಗೋಧಿ ಬ್ರೆಡ್ಡಿಗೆ ಉತ್ತಮ ಅಂತಾತು, ರೈಲಿಗೆ ಮಾಲು ಸಿಕ್ಕಿತು. ಆ ಮೂವತ್ತು ನಲವತ್ತು ವರ್ಷದಾಗ ಕಾನ್ಸಾಸ್ ಗೋಧಿ ನಾಡಾತು.

ಟರ್ಕಿ ರೆಡ್ ಮುಂದ ಜಪಾನಿಗೆ ಹೋತು. ಅಲ್ಲಿ ಗಿಡ್ಡ ತಳಿ ಜೋಡಿ ಸಂಕರ ಮಾಡಿ 1935ರಲ್ಲಿ ನೋರಿನ್ 10 ಬಂತು. ಅದು ಎರಡನೇ ಮಹಾಯುದ್ಧ ಮುಗಿದ ಮ್ಯಾಲೆ ಅಮೆರಿಕಾಕ್ಕೆ ಹೋಗಿ, ಮೆಕ್ಸಿಕೋದಾಗ ಬೋರ್ಲಾಗ್ ಕೈಗೆ ಸೇರಿತು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬೀಜ ನಮ್ಮ ದೇಶಕ್ಕ ಬಂತು. ಕಲ್ಯಾಣ್ ಸೋನಾ, ಸೋನಾಲಿಕಾ ಎರಡೂ ಅದೇ ಬಳಗ.

ನ್ಯೂಟನ್‌ನ ಪಾರ್ಕಿನಾಗ ಈಗ ಒಬ್ಬ ಮೆನ್ನೊನೈಟ್ ರೈತನ ಕಲ್ಲಿನ ಮೂರ್ತಿ ಐತಿ. ಪ್ಯಾಸೆಂಜರ್ ರೈಲು ರಾತ್ರಿ ಹೊತ್ತಿನ್ಯಾಗ ಬಂದು ನಿಂತು ಹೋಗತೈತಿ.

ನಿಮ್ಮ ಕಡೆ ಸದಕದ ಸಿಪ್ಪಿ ತೆಗಿಯೋ ಗಿರಣಿ ಇದ್ರ ತಿಳಿಸ್ರಿ. ನಾಕು ಚೀಲ ಹಂಗೇ ಕುಂತಾವು.